ಫ್ರಿಜ್ ಬೇಡದ ಪುಡಿ

ಬೆಳಗ್ಗೆ ಎದ್ದು ಸಿಡ್ನಿಯಿಂದ ತಂದ ಬಟ್ಟೆಯನ್ನು ಮೆಷಿನ್‌ಗೆ ಹಾಕಿದೆ. ಮೊಮ್ಮಗಳ ತಲೆ ಬಾಚಿ ಕಿಂಡರ್‌ಗೆ ಬಿಟ್ಟು ಬಂದೆ. ಮೆಲ್ಬರ್ನಿನ ಈ ಟಾರ್ನೀಟ್ ಸ್ಟೇಷನ್ ಹತ್ತಿರದ ಅಂಗಡಿಯಿಂದ ಹಾಲು, ಕೊತ್ತಂಬರಿ ಸೊಪ್ಪು ತಂದೆ. ಬಾಡಿಹೋಗಿದ್ದ ಅರ್ಧ ಕ್ಯಾಪ್ಸಿಕಂ ಎಸೆದು ಫ್ರಿಜ್ ಒರೆಸಿದೆ. ಒರೆಸುತ್ತಿರುವಾಗ ಡಾಕ್ಟರ್ ಆಂಟಿಯ ಕೈ ಕಣ್ಣ ಮುಂದೆ ಬಂತು. ಉದ್ದನೆಯ ಬೆರಳು, ಗಿಡ್ಡಕ್ಕೆ ಕತ್ತರಿಸಿದ ಉಗುರು, ಹೆಬ್ಬೆರಳ ಬುಡದಲ್ಲಿ ಗಾಜು ಚುಚ್ಚಿದ ಹಳೆಯ ಬಿಳಿ ಗುರುತು.

ಯಾರ ಮನೆಗೆ ಬಂದರೂ ಆಂಟಿ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನಡೆಯುತ್ತಿದ್ದರು. ಫ್ರಿಜ್ ತೆರೆದು ಒಳಗಿನ ಗೋಡೆಗೆ ಅಂಗೈ ಒತ್ತಿ, ಒಂದು ಗಳಿಗೆ ಹಾಗೇ ನಿಂತು, ಬಾಗಿಲು ಮುಚ್ಚುತ್ತಿದ್ದರು. ಆಮೇಲೆಯೇ "ಹೇಗಿದೀಯಮ್ಮ?" ಎಂಬ ಮಾತು. ನಮ್ಮ ಕನ್ನಡ ಬಳಗದ ಹೆಂಗಸರೆಲ್ಲ ಅದನ್ನು ಮಡಿವಂತಿಕೆ ಎಂದೇ ತಿಳಿದಿದ್ದೆವು. ಮೊಟ್ಟೆ ಇದೆಯೇ, ಹಾಲು ಮೊಸರಿಗೆ ಮುಸುರೆ ತಾಗಿದೆಯೇ ಎಂದು ಪರೀಕ್ಷೆ ಮಾಡುತ್ತಾರೆ ಅಂತ. ಅವರು ಬರುವ ದಿನ ನಾನು ಮೊಟ್ಟೆಯ ಟ್ರೇಯನ್ನು ಲಾಂಡ್ರಿಯಲ್ಲಿ ಅಡಗಿಸಿಡುತ್ತಿದ್ದೆ. ಒಮ್ಮೆ ಕೈ ತೊಳೆಯಲು ಅಲ್ಲಿಗೇ ಹೋದರು.

"ಯಾಕಮ್ಮ, ನಿಮ್ಮನೇಲಿ ಮೊಟ್ಟೇನೂ ಒಗೀತೀರಾ?" ಎಂದು ಕೇಳಿದರು. "ತಗೊಂಡ್ ಬಾ, ಒಂದು ಆಮ್ಲೆಟ್ ಹಾಕು. ಬಸ್ಸಲ್ಲಿ ಬಂದು ಹಸಿವಾಗಿದೆ."

ಹಾಗಿದ್ದರೆ ಆ ಅಂಗೈ ಯಾಕೆ ಎಂದು ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅದು ತಿಳಿದದ್ದು ಮಗಳ ಹೆರಿಗೆಯ ದಿನ.

ಮಗು ಹುಟ್ಟಿ, ಅತ್ತು, ನಾವೆಲ್ಲ ನಗುತ್ತಿರುವಾಗಲೇ ಮಗಳಿಗೆ ರಕ್ತ ಹೋಗತೊಡಗಿತು. ಹಾಸಿಗೆಯ ಅಂಚಿನಿಂದ ತೊಟ್ಟಿಕ್ಕುವುದು ನನಗೆ ಕಾಣುತ್ತಿತ್ತು. ಮಿಡ್‌ವೈಫ್ ಗುಂಡಿ ಒತ್ತಿದಳು, ಇನ್ನಿಬ್ಬರು ಓಡಿ ಬಂದರು. ಒಬ್ಬಳು ಸಿರಿಂಜ್ ಎತ್ತಿಕೊಂಡಾಗ ನನ್ನ ಜೊತೆಗೆಂದು ಬಂದು ಗೋಡೆಗೊರಗಿ ನಿಂತಿದ್ದ ಆಂಟಿ ಇಂಗ್ಲಿಷಿನಲ್ಲಿ ಕೇಳಿದರು, ಆ ಔಷಧಿ ಫ್ರಿಜ್ಜಿನಲ್ಲಿತ್ತೇ ಎಂದು.

"ಆಫ್ ಕೋರ್ಸ್, ಡಾರ್ಲಿಂಗ್," ಎಂದಳು ಅವಳು, ತಿರುಗಿ ಕೂಡ ನೋಡದೆ.

ರಕ್ತ ನಿಂತಿತು. ಮಗಳ ತುಟಿಗೆ ಬಣ್ಣ ಬರುವವರೆಗೂ ಆಂಟಿ ಗೋಡೆ ಬಿಟ್ಟು ಕದಲಲಿಲ್ಲ.

ಆಮೇಲೆ ಆಸ್ಪತ್ರೆಯ ಕೆಫೆಯಲ್ಲಿ ಟೀ ಮುಂದಿಟ್ಟುಕೊಂಡು ಹೇಳಿದರು. ಮೈಸೂರಿನಲ್ಲಿ ಓದು ಮುಗಿಸಿ, ವಿಜಾಪುರದ ಕಡೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗಿನ ಮಾತು. ಬೇಸಿಗೆ, ಕರೆಂಟ್ ಹೋಗಿತ್ತು. ಹೆರಿಗೆಯಾದ ಒಬ್ಬಳಿಗೆ ಹೀಗೆಯೇ ಆಯಿತು. ಇದೇ ಇಂಜೆಕ್ಷನ್ ಕೊಟ್ಟರು, ನಿಲ್ಲಲಿಲ್ಲ. ಇನ್ನೊಂದು ಕೊಟ್ಟರು. ಅವಸರದಲ್ಲಿ ಔಷಧಿಯ ಗಾಜಿನ ಕೊಳವೆ ಕೈಯಲ್ಲೇ ಒಡೆಯಿತು.

"ಮತ್ತೆ ತೆಗೆಯೋಕೆ ಫ್ರಿಜ್ ಒಳಗೆ ಕೈ ಹಾಕಿದಾಗ ಗೊತ್ತಾಯ್ತಮ್ಮ. ಒಳಗೂ ಹೊರಗಿನಷ್ಟೇ ಸೆಕೆ. ಹಾಲು ಕೆಟ್ಟರೆ ವಾಸನೆ ಬರುತ್ತೆ. ಇದು ನೀರಿನ ಥರ ಇರುತ್ತೆ, ಕೆಟ್ಟ ಮೇಲೂ ನೀರಿನ ಥರಾನೇ."

"ಬೇರೆ ಎಲ್ಲೂ ಇರಲಿಲ್ವಾ ಆಂಟಿ?"

"ಜಿಲ್ಲಾಸ್ಪತ್ರೆಗೆ ಜೀಪ್ ಕಳಿಸಿದ್ವಿ. ಅವಳಿಗೆ ಪೂರ್ತಿ ಎಚ್ಚರ ಇತ್ತು. 'ಇನ್ನೊಂದ್ ಸೂಜಿ ಮಾಡ್ರಿ ಡಾಕ್ಟರ್ ಬಾಯಾರ, ನಿಂದರತೈತಿ' ಅಂತ ನಂಗೇ ಧೈರ್ಯ ಹೇಳ್ತಿದ್ಲು. ಜೀಪ್ ವಾಪಸ್ ಬರೋ ಹೊತ್ತಿಗೆ ಅವಳಿರಲಿಲ್ಲ."

ಟೀ ಒಂದು ಗುಟುಕು ಕುಡಿದು, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದರು: "ಈಗಲೂ ಬರ್ತಾಳೆ. ಮಾತಾಡಲ್ಲ. ನಿಂತಿರ್ತಾಳೆ ಅಷ್ಟೆ, ಕಾಯ್ತಾ."

ಈ ದೇಶಕ್ಕೆ ಬಂದ ಮೇಲೆ ಆಂಟಿ ಹೆರಿಗೆ ಮಾಡಿಸಲಿಲ್ಲ. ಮೆಲ್ಬರ್ನಿನ ಒಂದು ಪ್ರಯೋಗಾಲಯದಲ್ಲಿ ಅದೇ ಔಷಧಿಯನ್ನು ಪುಡಿಯಾಗಿಸುವ ಕೆಲಸಕ್ಕೆ ಸೇರಿದರು. ಫ್ರಿಜ್ ಬೇಡ, ಸೂಜಿ ಬೇಡ, ಬಾಣಂತಿ ಉಸಿರಿನ ಜೊತೆ ಎಳೆದುಕೊಂಡರೆ ಸಾಕು. ಆ ಪುಡಿ ಅಂಥ ಆಸ್ಪತ್ರೆಗಳಿಗೆ ಮುಟ್ಟುವುದನ್ನು ನೋಡಬೇಕೆಂಬುದೊಂದೇ ಅವರ ಆಸೆಯಾಗಿತ್ತು. ನನ್ನ ಗಂಡ ಸಿಕ್ಕಾಗಲೆಲ್ಲ ರೇಗಿಸುತ್ತಿದ್ದರು: "ಏನಾಂಟಿ, ನಮ್ಮನೆ ಸಾರಿನ ಪುಡಿ ಎಷ್ಟು ಸಲ ಖಾಲಿಯಾಯ್ತು, ನಿಮ್ಮ ಪುಡಿ ಇನ್ನೂ ಆಗಲಿಲ್ವಲ್ಲ." ಆಂಟಿ ನಗುತ್ತಿದ್ದರು. "ಇನ್ನೂ ಟ್ರಯಲ್ ಕಣಪ್ಪ. ಕುಟ್ಟಿದ್ ಕೂಡ್ಲೇ ಬಡಿಸೋಕೆ ಇದು ಸಾರಿನ ಪುಡಿಯಲ್ಲ."

ಬಿಸಿ ತಡೆಯುವ ಇನ್ನೊಂದು ಇಂಜೆಕ್ಷನ್ ಬಂದಿದೆ ಎಂದು ಅವರೇ ಒಮ್ಮೆ ಹೇಳಿದಾಗ, "ಹಾಗಾದ್ರೆ ಒಳ್ಳೇದಾಯ್ತಲ್ಲ ಆಂಟಿ, ಬಂತಲ್ಲ" ಎಂದೆ.

"ಬಂತು. ಆ ಆಸ್ಪತ್ರೆ ಬೀರುಗೆ ಬಂತಾ ಕೇಳು," ಎಂದರು. ಅಗ್ಗದ್ದು ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ, ಕೊಂಡರೂ ಕೊನೆಯ ಊರಿನವರೆಗೆ ಯಾರು ಮುಟ್ಟಿಸುತ್ತಾರೆ ಎಂದು ಬಹಳ ಹೊತ್ತು ಮಾತಾಡಿದರು. ನಾನು ಹುರುಳಿಕಾಯಿ ಬಿಡಿಸುತ್ತಾ ಕೇಳಿಸಿಕೊಂಡೆ.

ನಿವೃತ್ತಿಯಾದ ಮೇಲೆ ಆಂಟಿ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ತಂಗಿಯ ಜೊತೆ ಇದ್ದರು. ಪುಡಿ ಇನ್ನೂ ಪ್ರಯೋಗದಲ್ಲೇ ಇತ್ತು. ಹೋದ ವಾರ ಆ ತಂಗಿ ಫೋನ್ ಮಾಡಿ, "ನೋಡೋದಿದ್ರೆ ಬೇಗ ಬಂದ್ಬಿಡಿ" ಎಂದರು. ನಾನೂ ಮಗಳೂ ಹೋದೆವು.

ಮಧ್ಯಾಹ್ನದ ಬಿಸಿಲು ವಾರ್ಡಿನ ಪರದೆಯ ಮೇಲಿತ್ತು. ಆಂಟಿ ನನ್ನನ್ನು ಗುರುತಿಸಲಿಲ್ಲ. ಮಗಳನ್ನು ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದರು. ಆಮೇಲೆ, ತಾವಾಗಿ ಎಂದೂ ಆಡದಿದ್ದ ವಿಜಾಪುರದ ಕಡೆಯ ಮಾತಿನಲ್ಲಿ ಕೇಳಿದರು: "ಎಚ್ಚರ ಅದಿಯೇನವ್ವಾ?"

ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಮಂಚದ ಮೇಲೆ ಕೂತು ಅವರ ಕೈ ಹಿಡಿದುಕೊಂಡಳು. "ಇದೀನಿ ಆಂಟಿ. ನಿಂತುಹೋಯ್ತು. ನಾನು ಚೆನ್ನಾಗಿದೀನಿ."

ಆಂಟಿ ನನ್ನ ಕಡೆ ತಿರುಗಿದರು. "ಔಷಧಿ ಬಂತೇ?"

"ದಾರೀಲಿದೆ ಆಂಟಿ."

"ಯಾವ ದಾರೀಲಿ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ತಂಗಿ ಬಂದು ನೀರು ಕುಡಿಸಿದರು. ಎರಡನೆಯ ದಿನ ಆಂಟಿ ಹೋಗಿಬಿಟ್ಟರು. ಅಂತ್ಯಕ್ರಿಯೆ ಮುಗಿಸಿಕೊಂಡು ನಾವು ನಿನ್ನೆ ಮನೆ ಮುಟ್ಟಿದೆವು.

ಆ ಪ್ರಶ್ನೆ ನನ್ನ ಜೊತೆ ಸಿಡ್ನಿಯಿಂದ ಇಲ್ಲಿಯವರೆಗೆ ಬಂದಿದೆ. ಬಟ್ಟೆ ಮಡಚುವಾಗ ಕೇಳುತ್ತದೆ, ನಲ್ಲಿ ನಿಲ್ಲಿಸಿದ ಕೂಡಲೇ ಕೇಳುತ್ತದೆ. ಮಗಳು ಎದುರಿಗೆ ಓಡಾಡುತ್ತಿದ್ದಾಳೆ. ಆ ಇನ್ನೊಬ್ಬಳಿಗೂ ಒಬ್ಬ ತಾಯಿ ಇದ್ದಿರಬೇಕು.

ರಾತ್ರಿಗೆ ಅನ್ನ, ತಿಳಿಸಾರು, ಸುಟ್ಟ ಹಪ್ಪಳ ಮಾಡಿದೆ. ಎಲ್ಲರೂ ಕಡಿಮೆ ಉಂಡರು, ಮೊಮ್ಮಗಳು ಮಾತ್ರ ಎರಡು ಸಲ ಹಾಕಿಸಿಕೊಂಡಳು. ಮೊದಲು ನಿದ್ದೆ ಹೋದದ್ದು ಮಗಳು. ಅವಳ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು, ಆಮೇಲೆ, ಮೊಮ್ಮಗಳು.