ಗೋಡೆಯ ಮೇಲೊಂದು ಮೂಗು

ಭಾನುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂಗಾಳದ ಶ್ರೀರಾಮಪುರದ ದೋಣಿಗಟ್ಟೆಗೆ ಇಳಿಯುವ ರಸ್ತೆಯಲ್ಲಿ, ಗೌರಾಂಗ ದೇ ಅವರ ಮಿಠಾಯಿ ಅಂಗಡಿಯ ಪಕ್ಕದ ಗೋಡೆಗೆ ಒಂದು ಮರದ ಸ್ಟೂಲು ಆನಿಸಿದೆ. ಅದರ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದಾರೆ. ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ಗಂಡನ ಹಳೆಯ ಸ್ವೆಟರ್ ಹಾಕಿಕೊಂಡಿದ್ದಾರೆ. ಎಡಗೈಯಲ್ಲಿ ಕಪ್ಪು ಬಣ್ಣದ ಡಬ್ಬಿ, ಬಲಗೈಯಲ್ಲಿ ಕುಂಚ. ಕೆಳಗೆ ಮಂಕಿ ಟೋಪಿ ಹಾಕಿದ ಗಂಡ ಶಿಬೇನ್ ಬಾಬು ಸ್ಟೂಲಿನ ಕಾಲು ಹಿಡಿದು ಕುಳಿತಲ್ಲೇ ತೂಕಡಿಸುತ್ತಿದ್ದಾರೆ.

“ನೀವು ಸ್ಟೂಲು ಹಿಡ್ಕೊಂಡಿದೀರೋ, ಸ್ಟೂಲು ನಿಮ್ಮನ್ನ ಹಿಡ್ಕೊಂಡಿದ್ಯೋ?” ಎಂದು ಮೇಲಿನಿಂದ ಪ್ರಶ್ನೆ ಬರುತ್ತದೆ.

“ಇಬ್ಬರೂ ಒಬ್ಬರನ್ನೊಬ್ಬರು ಹಿಡ್ಕೊಂಡಿದೀವಿ. ನೀನು ಬರಿ,” ಎನ್ನುತ್ತಾರೆ ಶಿಬೇನ್ ಬಾಬು, ಕಣ್ಣು ತೆರೆಯದೆ.

ಗೋಡೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಗ್ರಂಥಾಲಯದ ಅಂಗಳದಲ್ಲಿ ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ. ತಾಯಂದಿರು ಪಕ್ಕದಲ್ಲಿ ಕೂತು ಬಣ್ಣ ತುಂಬಿಕೊಡುವಂತಿಲ್ಲ. ಹತ್ತಿರದ ಚುಂಚುಡಾ ಊರಿನಲ್ಲಿ ವ್ಯಂಗ್ಯಚಿತ್ರಗಳ ಪ್ರದರ್ಶನ. ಚಿತ್ರಗಳು ಚೆನ್ನಾಗಿವೆ, ಭಾಷಣಗಳು ಉದ್ದ, ಸಂಜೆ ತಡವಾಗಿ ಹೋಗುವುದು ಒಳ್ಳೆಯದು. ಹೊಸ ಪತ್ತೇದಾರಿ ಕಾಮಿಕ್ಸ್ ಸ್ಟೇಷನ್ನಿನ ಅಂಗಡಿಗೆ ಬಂದಿದೆ. ಕೊಲೆಗಾರ ಯಾರೆಂದು ಈ ಗೋಡೆಯ ಮೇಲೆ ಯಾರೂ ಬರೆಯಕೂಡದು. ಹೋದ ಸಲ ಯಾರೋ ಇದ್ದಿಲಿನಲ್ಲಿ ಬರೆದುಬಿಟ್ಟಿದ್ದರಂತೆ. ಇಡೀ ಓಣಿ ಆ ಮಹಾಶಯನನ್ನು ಒಂದು ವಾರ ಹುಡುಕಿತು, ಕಾಮಿಕ್ಸಿನ ಕೊಲೆಗಾರನಿಗಿಂತ ಹೆಚ್ಚು ಆಸಕ್ತಿಯಿಂದ.

ಸುದ್ದಿಯ ಕೆಳಗೆ ‘ವಾರದ ಮುಖ’. ಓಣಿಯ ಯಾರಾದರೂ ಒಬ್ಬರದು. ಇವತ್ತಿನದು ಮೀನು ಮಾರುವ ಪೊಟಾಲನದು. ಮೊದಲು ಮೂಗು ಬರುತ್ತದೆ, ಬದನೆಕಾಯಿಯಂಥದ್ದು. ಆಮೇಲೆ ಅದರ ಸುತ್ತ ಉಳಿದ ಪೊಟಾಲ. ದೋಣಿಗೆ ಹೊರಟವರು ಬುಟ್ಟಿ ಇಳಿಸಿ ನಿಲ್ಲುತ್ತಾರೆ. ಒಬ್ಬ ನಗುತ್ತಾನೆ, ಇನ್ನೊಬ್ಬ ಫೋನಿನಲ್ಲಿ ಚಿತ್ರ ತೆಗೆದು ಪೊಟಾಲನಿಗೇ ಕಳಿಸುತ್ತಾನೆ.

“ಮೂಗು ಕೂತರೆ ಮುಖ ತಾನಾಗಿ ಬಂದು ಸೇರ್ಕೊಳ್ಳುತ್ತೆ. ಕಣ್ಣಿಂದ ಶುರು ಮಾಡಿದರೆ ಎಲ್ಲರೂ ಒಳ್ಳೆಯವರ ಹಾಗೆ ಕಾಣ್ತಾರೆ,” ಎನ್ನುತ್ತಾರೆ ಅವರು, ಸ್ಟೂಲಿನಿಂದ ಇಳಿಯುತ್ತ.

ಇವರ ಹೆಸರು ಅಲಕನಂದಾ ಲಾಹಾ. ಆದರೆ ಆ ಹೆಸರು ಹೇಳಿಕೊಂಡು ಹೋದರೆ ಯಾರೂ ಮನೆ ತೋರಿಸುವುದಿಲ್ಲ. ಎಲ್ಲರಿಗೂ ಅವರು ಬುಡಿದಿ. ಬಂಗಾಳಿಯಲ್ಲಿ ದಿ ಎಂದರೆ ಅಕ್ಕ. ಬುಡಿ ಎಂದರೆ ಮುದುಕಿ; ಪುಟ್ಟ ಹೆಣ್ಣುಮಕ್ಕಳಿಗೆ ಮುದ್ದಿನಿಂದ ಇಡುವ ಹೆಸರು. “ತೊಟ್ಟಿಲಲ್ಲಿದ್ದಾಗಲೇ ಮುದುಕಿ ಅಂದರು. ಈಗ ನಿಜವಾಗಿ ಆಗಿದೀನಿ, ಯಾರೂ ಹೊಸದಾಗಿ ಬೇಜಾರು ಮಾಡಿಸೋಕೆ ಆಗಲ್ಲ,” ಎಂದು ಅವರೇ ನಗುತ್ತಾರೆ.

ಬುಡಿದಿಯ ಕಸುಬು ಕಾಮಿಕ್ಸ್ ಪುಸ್ತಕಗಳಿಗೆ ಅಕ್ಷರ ಬರೆಯುವುದು. ಚಿತ್ರದಲ್ಲಿ ಪಾತ್ರಗಳ ತಲೆಯ ಮೇಲೆ ಮೋಡದಂಥ ಗುಳ್ಳೆಗಳಿರುತ್ತವಲ್ಲ, ಅದರೊಳಗಿನ ಮಾತನ್ನು ಕೈಯಲ್ಲಿ ಬರೆಯುವ ಕೆಲಸ. ಕೋಲ್ಕತ್ತೆಯ ಒಂದೆರಡು ಸಣ್ಣ ಪ್ರಕಾಶಕರು ಈಗಲೂ ಕಂಪ್ಯೂಟರಿನ ಅಕ್ಷರ ಒಪ್ಪುವುದಿಲ್ಲ. ದಿನಕ್ಕೆ ಆರೇಳು ಪುಟ ಆಗುತ್ತದೆ, ಕರೆಂಟು ಹೋದರೆ ಕಡಿಮೆ. ಕಿರುಚುವವನಿಗೆ ದಪ್ಪ ಅಕ್ಷರ, ಹೆದರಿದವನಿಗೆ ನಡುಗುವ ಅಕ್ಷರ. ಯಾವ ಅಕ್ಷರವೆಂದು ತಿಳಿಯಲು ಮಾತನ್ನು ಮೊದಲು ಆಡಿ ನೋಡುತ್ತಾರೆ. ಹಾಗಾಗಿ ಬರೆಯಲು ಕೂರುವ ಅಡುಗೆಮನೆಯಿಂದ ಅವರು ದಿನವಿಡೀ ಯಾರದೋ ಸಂಕಟವನ್ನು ಬಾಯಲ್ಲಿ ಹೇಳಿಕೊಳ್ಳುತ್ತಿರುವುದು ಕೇಳಿಸುತ್ತದೆ. ಮೊದಲ ಸಲ ಕೇಳಿದವರು ಗಾಬರಿಯಾಗುತ್ತಾರೆ. ಪಕ್ಕದ ಮನೆಗೆ ಬಂದ ಹೊಸ ಸೊಸೆ, “ಬಿಡು ನನ್ನನ್ನ, ರಾಕ್ಷಸ” ಎಂಬ ಮಾತು ಕೇಳಿ ಶಿಬೇನ್ ಬಾಬುವನ್ನು ಎರಡು ತಿಂಗಳು ಮಾತಾಡಿಸಲಿಲ್ಲ.

ಮದುವೆಯಾಗಿ ಈ ಊರಿಗೆ ಬಂದಾಗ ಅವರಿಗೆ ಹತ್ತೊಂಬತ್ತು. ತುಂಬಿದ ಮನೆ. ಒಂದು ಬಾಚಣಿಗೆ ಇಟ್ಟರೆ ಮರುದಿನ ಅದೇ ಜಾಗದಲ್ಲಿ ಸಿಗುವಂಥ ಒಂದು ಗೂಡೂ ತನ್ನದೆಂದು ಇರಲಿಲ್ಲ. ಆದರೆ ಒಲೆಯ ಹಿಂದಿನ ಗೋಡೆಯ ಕಡೆ ಯಾರೂ ನೋಡುತ್ತಿರಲಿಲ್ಲ. ಅನ್ನ ಬೇಯುವ ಹೊತ್ತಿನಲ್ಲಿ ಬುಡಿದಿ ಅಲ್ಲಿ ಇದ್ದಿಲಿನಿಂದ ಮನೆಯವರ ಮುಖ ಬರೆದರು. ಭಾವನದು, ನಾದಿನಿಯದು, ಕೊನೆಗೆ ಧೈರ್ಯ ಮಾಡಿ ಅತ್ತೆಯದು. ಒಂದು ದಿನ ಅತ್ತೆ ಉಪ್ಪಿನ ಜಾಡಿ ಹುಡುಕುತ್ತ ಅದನ್ನು ನೋಡಿಬಿಟ್ಟರು. ಬುಡಿದಿ ತವರಿಗೆ ಹೊರಡುವ ಸಿದ್ಧತೆಯನ್ನು ಮನಸ್ಸಿನಲ್ಲೇ ಮಾಡಿಕೊಂಡರು. ಅತ್ತೆ ಬಹಳ ಹೊತ್ತು ನಿಂತು ನೋಡಿ, “ನನ್ನ ಗಲ್ಲ ಇಷ್ಟು ಉದ್ದ ಇಲ್ಲ” ಎಂದಷ್ಟೇ ಹೇಳಿ ಹೋದರು. ಆ ವರ್ಷ ದುರ್ಗಾಪೂಜೆಗೆ ಇಡೀ ಮನೆಗೆ ಸುಣ್ಣ ಹೊಡೆದಾಗ ಆ ಗೋಡೆಯನ್ನು ಮಾತ್ರ ಅತ್ತೆ ಮುಟ್ಟಗೊಡಲಿಲ್ಲ. ಅತ್ತೆ ತನ್ನನ್ನು ಕ್ಷಮಿಸಿದರೋ, ಗಲ್ಲವನ್ನು ಮೆಚ್ಚಿದರೋ ಬುಡಿದಿಗೆ ಇವತ್ತಿಗೂ ತಿಳಿಯದು. ಕೇಳುವ ಧೈರ್ಯ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ.

ಮಿಠಾಯಿ ಅಂಗಡಿಯ ಗೋಡೆಗೆ ಅವರು ಬಂದದ್ದು ಗೌರಾಂಗ ದೇ ಅವರ ಕಷ್ಟ ನೋಡಲಾರದೆ. ದೋಣಿ ಇಳಿದ ಗಂಡಸರೆಲ್ಲ ಆ ಗೋಡೆಯ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದರು. ಗೌರಾಂಗ ಬಾಬು ದೇವರ ಚಿತ್ರವಿರುವ ಟೈಲ್ಸ್ ಅಂಟಿಸಿದರು. ಭಕ್ತರು ದೇವರಿಗೆ ಅಡ್ಡ ಬರಬಾರದೆಂದು ಒಂದಡಿ ಪಕ್ಕಕ್ಕೆ ಸರಿದು ನಿಂತರು. ಆಗ ಬುಡಿದಿ, ಊರಿನ ಅರ್ಧ ಗಂಡಸರಿಗೆ ಲೆಕ್ಕ ಕಲಿಸಿದ ಹಳೆಯ ಮೇಷ್ಟ್ರ ಮುಖವನ್ನು ಆಳೆತ್ತರ ಬರೆದರು. ಕನ್ನಡಕದ ಮೇಲಿನಿಂದ ನೋಡುವ ಆ ನೋಟದ ಮುಂದೆ ಒಬ್ಬನಿಗೂ ಕೆಲಸ ಸಾಗಲಿಲ್ಲ.

ಗೋಡೆ ಒಣಗಿತು. ಒಣಗಿದ ಗೋಡೆಯ ಮುಂದೆ ಜನ ನಿಂತು ಮಾತಾಡತೊಡಗಿದರು. ಯಾವ ಕಾಮಿಕ್ಸ್ ಬಂತು, ಎಲ್ಲಿ ಪ್ರದರ್ಶನ ಎಂದು ಬುಡಿದಿಯನ್ನು ದಾರಿಯಲ್ಲಿ ತಡೆದು ಕೇಳುತ್ತಿದ್ದವರಿಗೆಲ್ಲ ಉತ್ತರವನ್ನು ಅಲ್ಲೇ ಬರೆಯುವುದು ಸುಲಭವೆನಿಸಿತು. ‘ವಾರದ ಮುಖ’ಕ್ಕೆ ಮೊದಮೊದಲು ಜನ ಸಿಟ್ಟಾದರು. ಈಗ ತಮ್ಮ ಮುಖ ಬರಲಿಲ್ಲವೆಂದು ಸಿಟ್ಟಾಗುತ್ತಾರೆ. ಚಳಿಗಾಲದಲ್ಲಿ ಗ್ರಂಥಾಲಯದಲ್ಲಿ ನಡೆಯುವ ಕಾರ್ಟೂನ್ ಮೇಳಕ್ಕೆ ಸುತ್ತಲಿನ ಊರುಗಳಿಂದ ಜನ ಬರುವುದು ಈ ಗೋಡೆ ನೋಡಿಯೇ. ಮೇಳಕ್ಕೆ ಬೇರೆ ಪ್ರಚಾರವಿಲ್ಲ.

ತೊಂದರೆ ಶುರುವಾದದ್ದೂ ಅದರಿಂದಲೇ. ಜನ ನಿಂತು ಓದುವ ಗೋಡೆಯನ್ನು ಚುನಾವಣೆಯ ಹೊತ್ತಿನಲ್ಲಿ ಯಾರು ಬಿಡುತ್ತಾರೆ?

ಹೋದ ಚಳಿಗಾಲ ಪುರಸಭೆಯ ಚುನಾವಣೆಯ ಗಾಳಿ ಎದ್ದಾಗ ಮೊದಲು ಬುಡಿದಿಯ ಬಳಿ ಬಂದವರು ಆಳುವ ಪಕ್ಷದ ಬಾಚ್ಚುದಾ, ಅಂದರೆ ಬಾಚ್ಚು ಅಣ್ಣ. ಹೊಸ ಬೆಲ್ಲದ ಸಂದೇಶ್ ಮಿಠಾಯಿ ಒಂದು ಡಬ್ಬಿ ತಂದು, ಈ ಸಲ ಗೋಡೆ ತಮ್ಮ ಪಕ್ಷಕ್ಕೆ ಎಂದು ನಯವಾಗಿ ಹೇಳಿಹೋದರು. ಸಂಜೆ ವಿರೋಧ ಪಕ್ಷದ ಮೃಗಾಂಕ ಬಾಬು ಬಂದು, ಅದೇ ಮಾತನ್ನು ಸಂದೇಶ್ ಇಲ್ಲದೆ ಹೇಳಿದರು. ಒಮ್ಮೆ ಪಕ್ಷದ ಬರಹ ಬಿತ್ತೆಂದರೆ ಮುಂದಿನ ಚುನಾವಣೆಯವರೆಗೆ ಅದು ಅವರದೇ. ಗೋಡೆಯ ಯಜಮಾನ ಗೌರಾಂಗ ಬಾಬು ಇಬ್ಬರಿಗೂ ಮಿಠಾಯಿ ಮಾರುವವರು. ಇಬ್ಬರಿಗೂ ಹೂಂ ಎಂದು ಕೈ ತೊಳೆದುಕೊಂಡರು.

ಆ ರಾತ್ರಿ ಬುಡಿದಿ ಊಟ ಮಾಡಲಿಲ್ಲ. ಶಿಬೇನ್ ಬಾಬು ಸಮಾಧಾನ ಹೇಳಹೋಗಿ, ಊರಲ್ಲಿ ಗೋಡೆಗಳಿಗೇನು ಬರವೇ ಎಂದರು. “ನಿಮಗೆ ಬರ ಇಲ್ಲ. ನೀವು ಹುಟ್ಟಿದ ಮನೆಯಲ್ಲೇ ಇದೀರಿ,” ಎಂದರಂತೆ ಬುಡಿದಿ. ಇದನ್ನು ಇದೇ ಓಣಿಯಲ್ಲಿರುವ ನನಗೆ ಹೇಳಿದವರು ಶಿಬೇನ್ ಬಾಬುವೇ. ಮೂವತ್ತು ವರ್ಷ ಸೆಣಬಿನ ಗಿರಣಿಯ ಕಚೇರಿಯಲ್ಲಿ ಕೂತಿದ್ದ ಮನುಷ್ಯ. ಆ ಒಂದು ಮಾತಿಗೆ ಎದ್ದು ಹೋಗಿ ಸ್ಟೂಲು ತಂದು ಬಾಗಿಲ ಬಳಿ ಇಟ್ಟೆ ಎನ್ನುತ್ತಾರೆ.

ಮರುದಿನ ಭಾನುವಾರ. ಕತ್ತಲಿರುವಾಗಲೇ ಬುಡಿದಿ ಗೋಡೆಗೆ ಸುಣ್ಣ ಹೊಡೆದು, ಪಕ್ಷದವರು ಬರೆಯುವ ಹಾಗೆಯೇ ದೊಡ್ಡ ಅಕ್ಷರದಲ್ಲಿ ‘ಈ ಗೋಡೆ ಕಾಯ್ದಿರಿಸಿದೆ, ಐದು ವರ್ಷ’ ಎಂದು ಬರೆದರು. ಹೀಗೆ ಬರೆದ ಗೋಡೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ತಲೆ ಒಡೆದುಕೊಳ್ಳುವ ಪಕ್ಷಗಳೂ ಈ ಒಂದು ಮರ್ಯಾದೆ ಮೀರುವುದಿಲ್ಲ. ಆಮೇಲೆ ಎಂದಿನಂತೆ ‘ವಾರದ ಮುಖ’ಕ್ಕೆ ಕೈ ಹಾಕಿದರು. ಮೂಗು ಮುಗಿಯಿತು. ಅಷ್ಟರಲ್ಲಿ ಮಂಜು ದಟ್ಟವಾಗಿ ಇಳಿದು ಬಣ್ಣ ಜಾರತೊಡಗಿತು. ಉಳಿದದ್ದು ಆಮೇಲೆ ಎಂದು ಮನೆಗೆ ಹೋದರು.

ಮಂಜು ಕರಗಿದಾಗ ಊರಿಗೆ ಕಂಡದ್ದು ಇಷ್ಟು: ಕಾಯ್ದಿರಿಸಿದ ಗೋಡೆ, ಕೆಳಗೆ ಒಂದು ಭಾರಿ ಮೂಗು.

ಅಂಥ ಗೋಡೆಯ ಮೇಲೆ, ಅಂಥ ಬರಹದ ಕೆಳಗೆ ಇರುವ ಚಿತ್ರ ಚುನಾವಣೆಯ ಚಿಹ್ನೆಯೇ ಹೊರತು ಬೇರೇನಲ್ಲ. ಇದರಲ್ಲಿ ಊರಿನ ಯಾರಿಗೂ ಅನುಮಾನ ಬರಲಿಲ್ಲ. ಮೂಗು ಚಿಹ್ನೆಯ ಹೊಸ ಅಭ್ಯರ್ಥಿ ಯಾರು ಎಂಬ ಚರ್ಚೆ ಮೀನು ಮಾರುಕಟ್ಟೆಯಲ್ಲಿ ಬೆಳಿಗ್ಗೆಯೇ ಹತ್ತಿತು. ಬುಡಿದಿ ಯಾರಿಗೋ ಬರೆದುಕೊಟ್ಟಿದ್ದಾರೆ, ಹೆಸರು ಬಿಡುತ್ತಿಲ್ಲ ಎಂದರು. ಬಾಚ್ಚುದಾಗೆ ಇದು ಮೃಗಾಂಕ ಬಾಬುವಿನ ಕೈವಾಡ ಎನಿಸಿತು. ಮೃಗಾಂಕ ಬಾಬುಗೆ ಇದು ಮತ ಒಡೆಯಲು ಬಾಚ್ಚುದಾ ನಿಲ್ಲಿಸಿದ ಆಳು ಎನಿಸಿತು. ಪೊಟಾಲ ಮೀನು ಕತ್ತರಿಸುತ್ತ, ಆಳು ಯಾರಾದರೂ ಆಗಲಿ, ಈ ಓಣಿಯ ಚರಂಡಿ ನಾರುವುದನ್ನು ಗಮನಿಸಿದ ಮೊದಲ ಅಭ್ಯರ್ಥಿ ಅವನೇ, ತನ್ನ ಮನೆಯ ಮತ ಅವನಿಗೇ ಎಂದು ಘೋಷಿಸಿದ. ಈ ಮಾತು ಹಬ್ಬಿ ನಾಲ್ಕು ದಿನವಾಗುವಷ್ಟರಲ್ಲಿ ಬಾಚ್ಚುದಾ ಆಳುಗಳನ್ನು ಕರೆಸಿ ಚರಂಡಿಯ ಹೂಳು ಎತ್ತಿಸಿದರು. ಮೃಗಾಂಕ ಬಾಬು ಹಿಂದೆಯೇ ಬಂದು ಬ್ಲೀಚಿಂಗ್ ಪುಡಿ ಎರಚಿಸಿದರು.

ಚಿತ್ರ ಮುಗಿಸಿಬಿಡು ಎಂದರು ಶಿಬೇನ್ ಬಾಬು. ಬುಡಿದಿ ಮುಗಿಸಲಿಲ್ಲ. ಮುಖ ಬಂದರೆ ಗುಟ್ಟು ಹೋಗುತ್ತದೆ, ಗುಟ್ಟು ಹೋದರೆ ಗೋಡೆ ಹೋಗುತ್ತದೆ. ಆದರೆ ಮೇಳ ಹತ್ತಿರ ಬರುತ್ತಿತ್ತು. ಅದರ ಸುದ್ದಿ ಬರೆದರೂ ಗುಟ್ಟು ಹೋಗುವುದೇ. ಬರೆಯದಿದ್ದರೆ ಮೇಳಕ್ಕೆ ಜನ ಬರುವುದಿಲ್ಲ. ಒಂದು ಭಾನುವಾರ ಗೋಡೆ ಹಾಗೇ ಉಳಿಯಿತು. ಎರಡನೆಯದೂ ಉಳಿಯಿತು. “ಆ ದಿನಗಳಲ್ಲಿ ಗುಳ್ಳೆಯೊಳಗೆ ಬರೆದ ಮಾತೆಲ್ಲ ನಡುಗ್ತಾ ಬಂತು. ರಾಜ ಯುದ್ಧ ಗೆದ್ದಿದಾನೆ, ಅವನ ಮಾತೂ ನಡುಗ್ತಿದೆ. ಪ್ರಕಾಶಕರು ಫೋನ್ ಮಾಡಿ, ರಾಜಂಗೆ ಚಳಿಜ್ವರವಾ ಅಂತ ಕೇಳಿದರು,” ಎಂದು ನೆನೆಯುತ್ತಾರೆ ಬುಡಿದಿ.

ಕೊನೆಗೆ ಒಂದು ಸಂಜೆ ಮಿಠಾಯಿ ಅಂಗಡಿಯ ಬೆಂಚಿನ ಮೇಲೆ ಇಬ್ಬರು ಮುಖಂಡರೂ, ಜೀವಮಾನದಲ್ಲಿ ಮೊದಲ ಸಲ, ಅಕ್ಕಪಕ್ಕ ಕೂತು ಬುಡಿದಿಯನ್ನು ಕರೆಸಿದರು. ಸುದ್ದಿ ತಿಳಿದು ಅರ್ಧ ಓಣಿ ಟೀ ಕುಡಿಯುವ ನೆಪದಲ್ಲಿ ಸೇರಿತ್ತು. ನಾನೂ ಒಂದು ಮಣ್ಣಿನ ಕುಡಿಕೆ ಹಿಡಿದು ಬಾಗಿಲ ಬಳಿ ನಿಂತಿದ್ದೆ.

“ಒಂದೇ ಮಾತು ಹೇಳಿಬಿಡಿ ಬುಡಿದಿ,” ಎಂದರು ಬಾಚ್ಚುದಾ. “ಆ ಮೂಗು ಯಾರದು?”

ಬುಡಿದಿ ಸೆರಗಿನಿಂದ ಕೈಯ ಮಸಿ ಒರೆಸಿಕೊಂಡರು. ಸುಳ್ಳು ಹೇಳುವವರಲ್ಲ ಅವರು. ಶಿಬೇನ್ ಬಾಬು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡರು.

“ಇನ್ನೂ ಯಾರದೂ ಅಲ್ಲ ಬಾಚ್ಚು. ನನ್ನ ವಾರದ ಮುಖ ಅದು, ಅರ್ಧಕ್ಕೆ ನಿಂತಿದೆ. ಯಾರ ಮುಖ ಅನ್ನೋದು ನಿಮ್ಮಿಬ್ಬರ ಮೇಲೆ ಬಿಟ್ಟಿದ್ದು. ಆ ಗೋಡೆಗೆ ಯಾರು ಕೈ ಹಾಕ್ತಾರೋ, ಆ ಮೂಗು ಅವರಿಗೆ ಸೇರುತ್ತೆ. ಮತ ಹಾಕೋ ದಿನದವರೆಗೂ ಇರುತ್ತೆ.”

ಬಾಚ್ಚುದಾ ಗೊತ್ತಿಲ್ಲದೆಯೇ ತಮ್ಮ ಮೂಗು ಮುಟ್ಟಿಕೊಂಡರು. ಅದನ್ನು ಕಂಡು ಮೃಗಾಂಕ ಬಾಬು ನಗಹೋಗಿ, ಎಲ್ಲರ ಕಣ್ಣೂ ತಮ್ಮ ಮೂಗನ್ನೂ ಅಳೆಯುತ್ತಿರುವುದನ್ನು ನೋಡಿ ಕರವಸ್ತ್ರ ತೆಗೆದರು.

“ಅಷ್ಟು ಹಠ ಯಾಕೆ ಬುಡಿದಿ? ಒಂದು ಗೋಡೆ ತಾನೆ,” ಎಂದರು.

“ಒಂದೇ ಇರೋದು ಮೃಗಾಂಕ ಬಾಬು. ಅದಕ್ಕೇ.”

ಗೌರಾಂಗ ಬಾಬು ಯಾರೂ ಕೇಳದೆಯೇ ಎಲ್ಲರಿಗೂ ಒಂದೊಂದು ರಸಗುಲ್ಲ ಹಂಚಿದರು. ಅವರ ಅಂಗಡಿಯ ಚರಿತ್ರೆಯಲ್ಲಿ ಇದು ಹಿಂದೆ ನಡೆದದ್ದಿಲ್ಲ. ಎರಡು ಪಕ್ಷಗಳೂ ಬೇರೆ ಗೋಡೆ ಹುಡುಕಿಕೊಂಡವು. ಮೂಗು ಕಣಕ್ಕಿಳಿಯುವುದಿಲ್ಲ ಎಂದು ತಿಳಿದು ಪೊಟಾಲ ಒಂದು ವಾರ ಬೇಸರದಲ್ಲಿದ್ದ. ಗೆಲ್ಲುತ್ತಿತ್ತು ಎಂದು ಇವತ್ತಿಗೂ ವಾದಿಸುತ್ತಾನೆ.

ಮುಂದಿನ ಭಾನುವಾರ ಬೆಳಗಿನಲ್ಲಿ ಸ್ಟೂಲು ಮತ್ತೆ ಗೋಡೆಗೆ ಬಂತು. ಮೊದಲು ಮೇಳದ ಸುದ್ದಿ ಏರಿತು. ಆಮೇಲೆ ಬುಡಿದಿ ಮೂಗಿನ ಸುತ್ತ ಬರೆಯತೊಡಗಿದರು. ನೆರಿಗೆ ಬಿದ್ದ ಹಣೆ, ದಾರ ಕಟ್ಟಿದ ಕನ್ನಡಕ, ಓರೆ ಬೈತಲೆ, ತುಟಿಯ ನಡುವೆ ಕಚ್ಚಿಕೊಂಡ ಕುಂಚ. ಇಡೀ ಊರನ್ನು ಬರೆದ ಕೈ ಅಲ್ಲಿಯವರೆಗೆ ಆ ಒಂದು ಮುಖವನ್ನು ಬರೆದಿರಲಿಲ್ಲ. ದೋಣಿಗೆ ಹೊರಟವರೆಲ್ಲ ನಿಂತರು. ಶಿಬೇನ್ ಬಾಬು ಪೂರ್ತಿ ಎಚ್ಚರವಾಗಿ, ಸ್ಟೂಲಿನ ಕಾಲು ಬಿಟ್ಟು, ಹಿಂದೆ ಸರಿದು ನೋಡಿದರು.

“ಬುಡಿ, ನಿನ್ನ ಮೂಗು ಇಷ್ಟು ದೊಡ್ಡದಲ್ಲ ಕಣೆ.”

“ಅಲ್ಲ,” ಎಂದರು ಬುಡಿದಿ, ಗಲ್ಲವನ್ನು ತಿದ್ದುತ್ತ. “ಆದರೆ ಗೋಡೆಗೆ ಕೈ ಹಾಕಿದವಳು ನಾನೇ ತಾನೆ. ಅಷ್ಟು ಜನದ ಎದುರು ಆಡಿದ ಮಾತು.”