ಮರಿಗೌಡನ ತಿರುಗುವ ಗೋಡೆ

ಯಾರ ಮನೆಗೆ ಹೋದರೂ ಮರಿಗೌಡ ಕೂರುವ ಮೊದಲು ಜೋರಾಗಿ ಒಂದು ಚಪ್ಪಾಳೆ ತಟ್ಟುತ್ತಿದ್ದ. ತಟ್ಟಿ, ಕತ್ತು ಓರೆ ಮಾಡಿ, ಗೋಡೆಯಿಂದ ಸದ್ದು ಹೇಗೆ ಮರಳುತ್ತದೆಂದು ಕೇಳುತ್ತಿದ್ದ. "ಈ ಮನೆ ಕೂಗ್ತದೆ", "ಈ ಮನೆ ನುಂಗ್ತದೆ" ಎಂದು ತೀರ್ಪು ಕೊಟ್ಟ ಮೇಲೆಯೇ ಕಾಫಿ ಲೋಟ ಮುಟ್ಟುವುದು. ನಮ್ಮ ಅತ್ತಿಗೆಯ ತಿಥಿಯ ದಿನವೂ ತಟ್ಟಿದ. ನೆಂಟರು ದುರುಗುಟ್ಟಿ ನೋಡಿದರು. "ತಪ್ಪು ತಿಳ್ಕಬ್ಯಾಡಿ, ಪಡಸಾಲೆ ಬೋ ಪಸಂದಾಗೈತೆ" ಅಂದ.

ನಾನು ಚನ್ನಪಟ್ಟಣದಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಹೊತ್ತಿಗೆ ಏಳುವುದು, ಸಾಲಾಗಿ ನಿಲ್ಲುವುದು, ಹಿಡಿದ ಕೆಲಸ ಮುಗಿಸುವುದು, ಇಷ್ಟೇ ನನ್ನ ವಿದ್ಯೆ. ಮರಿಗೌಡ ಕೂಟಗಲ್ ಕಡೆಯ ರೇಷ್ಮೆ ಬೆಳೆಗಾರ. ಪೌರಾಣಿಕ ನಾಟಕಗಳಲ್ಲಿ ಭೀಮ. ಅವನಿಗೆ ಮೈಕು ಬೇಕಿರಲಿಲ್ಲ. ಅವನು ಹಾಡಿದರೆ ಪರದೆ ಎಳೆಯಲು ನಿಂತ ನನ್ನ ಎದೆ ಅದುರುತ್ತಿತ್ತು.

ಅದು ಕ್ಯಾಸೆಟ್ಟಿನ ಕಾಲ. ಬೆಂಗಳೂರಿನಲ್ಲಿ ರಮಾಕಾಂತ ಎಂಬ ಗಾಯಕ ಧ್ವನಿಮುದ್ರಣದ ಕೋಣೆ ಇಟ್ಟಿದ್ದ. ನಾಟಕದ ಹಾಡುಗಳ ಕ್ಯಾಸೆಟ್ ಮಾಡೋಣವೆಂದು ಮರಿಗೌಡನನ್ನು ಕರೆಸಿದ. ನಾನೂ ಜೊತೆಗೆ ಹೋದೆ. ಮೊದಲು ರಮಾಕಾಂತ ಹಾಡುಗಳನ್ನೆಲ್ಲ ಮರಿಗೌಡನಿಂದ ಹೇಳಿಸಿಕೊಂಡು ಕಲಿತ. ಮುದ್ರಣಕ್ಕೆ ನಿಂತು ಮರಿಗೌಡ ಬಾಯಿ ತೆರೆದದ್ದೇ ತಡ, ರಮಾಕಾಂತ ಕಿವಿ ಮುಚ್ಚಿಕೊಂಡ.

"ಏನ್ರೀ ಇದು, ಹೊಲ ಕಾಯೋ ಗಂಟಲು! ನನ್ನ ರೂಮ್ ತಡೆಯಲ್ಲ. ಹೊರಗೆ ಚಪ್ಪಲಿ ಹತ್ರ ನಿಂತ್ಕೊಂಡು ಹಾಡಿ. ಬೇಕಾದ್ರೆ ಒಳಗೆ ಕರೀತೀವಿ."

ಮರಿಗೌಡ ಚಪ್ಪಲಿಗಳ ನಡುವೆ ನಿಂತು ಹಾಡಿದ. ಸಂಜೆಯಾದರೂ ಕರೆಯಲಿಲ್ಲ. ಕ್ಯಾಸೆಟ್ ಬಂದಾಗ ಎಲ್ಲ ಹಾಡೂ ರಮಾಕಾಂತನ ಗಂಟಲಿನಲ್ಲೇ ಇದ್ದವು.

"ಮೇಷ್ಟ್ರೇ, ನಾನೂ ಒಂದು ರೂಮು ಕಟ್ತೀನಿ," ಅಂದ ಮರಿಗೌಡ. "ಒಂದಿನ ಅವ್ನು ಬಂದೇ ಬತ್ತಾನೆ. ಚಪ್ಲಿ ಪಕ್ಕ ನಿಲ್ಲುಸ್ತೀನಿ."

ಮನೆಯ ಹಿಂದಿದ್ದ ರೇಷ್ಮೆ ಹುಳು ಸಾಕುವ ಮನೆಯನ್ನು ಗುಡಿಸಿ, ನಾಲ್ಕೂ ಗೋಡೆಗೆ ಹತ್ತಿ ಹಾಸಿಗೆ ಹೊಡೆಸಿದ. ಒಳಗೆ ಹೋಗಿ ಹಾಡಿದವನು ಬೆವರುತ್ತ ಹೊರಗೆ ಓಡಿ ಬಂದ. "ಕೆಟ್ಟೆ ಮೇಷ್ಟ್ರೇ, ನನ್ ಗಂಟ್ಲು ಬಿದ್ದೋಗದೆ!" ಅಂಗಳದಲ್ಲಿ ಕೂಗಿ ನೋಡಿದ, ಎದುರು ಮನೆಯ ಎಮ್ಮೆ ಬೆದರಿತು. ಗಂಟಲಿಗೇನೂ ಆಗಿರಲಿಲ್ಲ, ಹಾಸಿಗೆ ನುಂಗಿತ್ತು. ಅವನ ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು. "ಇದು ಮಡಿಕಳಿ, ಅವ್ನಿಗೆ ಆಯ್ತದೆ."

ಆದರೆ ಹಾಡುವವರಿಗೂ ಆಗಬೇಕಲ್ಲ? ಅಟ್ಟದ ಮೇಲೆ ಚಂದ್ರಿಕೆಗಳಿದ್ದವು, ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಆಳೆತ್ತರದ ಚಾಪೆಗಳು. ಅವುಗಳ ಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಎದ್ದು ನಿಂತಿರುತ್ತದೆ. ಒಂದೊಂದು ಹಲಗೆಯ ಒಂದು ಮೈಗೆ ಚಂದ್ರಿಕೆ, ಇನ್ನೊಂದು ಮೈಗೆ ಹಾಸಿಗೆ ಜಡಿದು, ನಡುವೆ ಕಂಬಿ ತೂರಿಸಿ ನೆಲಕ್ಕೂ ತೊಲೆಗೂ ನಿಲ್ಲಿಸಿದ. ಕೈಯಲ್ಲಿ ತಳ್ಳಿದರೆ ಗೋಡೆಯೇ ತಿರುಗುತ್ತಿತ್ತು. ಬಿದಿರಿನ ಮೈಗೆ ಬಿದ್ದ ದನಿ ಚೆದುರಿ ಕೋಣೆ ತುಂಬುತ್ತಿತ್ತು; ಹಾಸಿಗೆಗೆ ಬಿದ್ದದ್ದು ಅಲ್ಲೇ ಸಾಯುತ್ತಿತ್ತು. ಪರೀಕ್ಷೆಗೆ ನನ್ನ ಡ್ರಿಲ್ ಸೀಟಿ. ನಾನು ಊದಿ "ಬಲಕ್ಕೆ ತಿರುಗ್!" ಅನ್ನುವುದು, ಅವನು ಹಲಗೆ ತಿರುಗಿಸುವುದು. ಬಲಕ್ಕೆ ಬಿದಿರು, ಎಡಕ್ಕೆ ಹಾಸಿಗೆ.

ಮಾಗಡಿ, ಕನಕಪುರದಿಂದ ಹಾಡುವವರು ಬರತೊಡಗಿದರು. ಅವನ ಮಗಳು ಸಾವಿತ್ರಿ ಮುದ್ರಣದ ಯಂತ್ರ ನಡೆಸಲು ಕಲಿತಳು. ಬಂದವರ ಗಂಟಲು ಕೇಳಿ ಮರಿಗೌಡ ಹಲಗೆ ಹೊಂದಿಸುತ್ತಿದ್ದ. ಎಲ್ಲವನ್ನೂ ಎಡಕ್ಕೆ ತಿರುಗಿಸಿದರೆ ಅದಕ್ಕೆ 'ರಮಾಕಾಂತನ ವರಸೆ' ಎಂದು ಹೆಸರು. ಅದನ್ನು ಯಾರಿಗೂ ಬಳಸಲಿಲ್ಲ, ಅವನಿಗೆಂದೇ ಮೀಸಲು. ಚಪ್ಪಲಿ ಬಿಡುವ ಜಾಗವನ್ನು ತಾನೇ ಆರಿಸಿದ್ದ. "ಇಲ್ಲಿ ಒಳ್ಳೆ ಬಿಸ್ಲು ಬೀಳ್ತದೆ" ಎಂದು ನನ್ನನ್ನು ಕರೆದು ತೋರಿಸಿದ್ದ. ಹಳೆಯದನ್ನು ಮರೆತುಬಿಡಿ ಎಂದು ಬುದ್ಧಿ ಹೇಳಿದವರು ಬಹಳ. ಅವರಾರೂ ಚಪ್ಪಲಿಗಳ ನಡುವೆ ನಿಂತು ಹಾಡಿದವರಲ್ಲ.

ರಮಾಕಾಂತ ಬರಲಿಲ್ಲ. ಮರಿಗೌಡನೇ ಹಾಸಿಗೆ ಹಿಡಿದ. ರಾಮನಗರದ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಆ ಗಂಟಲಿನಲ್ಲಿ ಉಳಿದಿದ್ದದ್ದು ಪಿಸುಮಾತು. "ಬಂದ್ನಾ?" ಅಂದ. ಇಲ್ಲವೆಂದೆ. "ಬುಡ್ಬ್ಯಾಡಿ ಮೇಷ್ಟ್ರೇ." ಬಿಡುವುದಿಲ್ಲವೆಂದೆ.

ಅವನ ವರ್ಷದ ತಿಥಿಯ ಹೊತ್ತಿಗೆ ರಮಾಕಾಂತ ಕಾರಿನಲ್ಲಿ ಬಂದಿಳಿದ. ಶಾಲು, ಬಿಳಿ ಕೂದಲು. "ಮರಿಗೌಡ ನನ್ನ ಶಿಷ್ಯ ಅಲ್ವೇ? ಅವನ ನೆನಪಿಗೆ ಅವನ ರೂಮಲ್ಲೇ ಒಂದು ಹಾಡು ಹಾಡ್ತೀನಿ" ಅಂದ. ಶಿಷ್ಯ! ನಾನು ಬಾಗಿಲಿಗೆ ಅಡ್ಡ ನಿಂತೆ.

"ಚಪ್ಪಲಿ ಹತ್ತಿರ ನಿಂತು ಹಾಡಿ. ಬೇಕಾದರೆ ಒಳಗೆ ಕರೀತೀವಿ."

ಅವನು ನನ್ನ ಮುಖ ನೋಡಿದ. ಗುರುತು ಹತ್ತಿತು, ಕಣ್ಣು ಕೆಳಗಾಯಿತು. ಜೊತೆಗೆ ಬಂದವರೆಲ್ಲ ನೋಡುತ್ತಿದ್ದರು, ಹಿಂದಿರುಗುವಂತಿರಲಿಲ್ಲ. ಬಿಸಿಲಿನಲ್ಲಿ ನಿಂತು ಹಾಡಿದ.

ನಾನು ಒಳಗೆ ಹೋಗಿ ಕುಳಿತೆ. ಸಾವಿತ್ರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಂತ್ರದ ಮುಂದಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿದಳು. "ಮಾವ, ಅಲ್ಲಿಂದ ಹಾಡಿದ್ರೂ ಚೆನ್ನಾಗೇ ಬತ್ತಾ ಐತಲ್ಲ."

ನಿಜ. ಬಾಗಿಲಾಚೆಯ ಮುದಿ ದನಿಯನ್ನೂ ಆ ಬಿದಿರು ಎತ್ತಿ, ಹರಡಿ, ಮೆರೆಸುತ್ತಿತ್ತು. ಮರಿಗೌಡನ ಕೈಕೆಲಸ ಅಂಥದ್ದು.

ನಾನು ಎದ್ದೆ. ಹಲಗೆಗಳನ್ನು ಒಂದೊಂದಾಗಿ, ಸಾಲಾಗಿ, ಎಡಕ್ಕೆ ತಿರುಗಿಸಿದೆ.