ರಿವರ್ಸ್ ಕಲಿಸಬ್ಯಾಡ

ನನ್ನ ಮಗ ಸೌದಿಯಲ್ಲಿ ಒಬ್ಬ ಸಾಹುಕಾರನ ಮನೆಯ ಡ್ರೈವರ್ ಆಗಿದ್ದ. ಅಲ್ಲಿ ಹೆಂಗಸರು ಗಾಡಿ ಓಡಿಸುವಂತಿರಲಿಲ್ಲ. ಆ ಮನೆಯ ಮೇಡಂಳನ್ನು ಅಂಗಡಿಗೆ, ತವರಿಗೆ ಒಯ್ಯುವುದೇ ಅವನ ಕೆಲಸ. ಅವರ ಹೆಂಗಸರನ್ನು ಕಟ್ಟಿಹಾಕಿದ್ದರಿಂದಲೇ ಇಲ್ಲಿ ದಿವಾ ಊರಿನ ನಮ್ಮ ಖೋಲಿಯಲ್ಲಿ ಒಲೆ ಉರಿಯುತ್ತಿತ್ತು. ನಮಗದು ತಪ್ಪೆನಿಸಿರಲಿಲ್ಲ.

ಒಂದು ದಿನ ಅಲ್ಲಿಯ ರಾಜ, ಹೆಂಗಸರೂ ಗಾಡಿ ಓಡಿಸಲಿ ಎಂದು ಅಪ್ಪಣೆ ಕೊಟ್ಟ. ನೆಲದೊಳಗಿನ ಎಣ್ಣೆಯೊಂದನ್ನೇ ನಂಬಿದರೆ ಮುಂದೆ ನಡೆಯುವುದಿಲ್ಲ, ಹೆಂಗಸರೂ ದುಡಿಯಬೇಕು ಎಂಬುದು ರಾಜನ ವಿಚಾರವಂತೆ. ಮಗ ಫೋನಿನಲ್ಲಿ ಹೇಳಿದ. ಸೊಸೆ ಟಿವಿ ನೋಡಿ ಖುಷಿಪಟ್ಟಳು.

"ನಗಬ್ಯಾಡ. ನಿನ್ನ ಗಂಡನ ಹೊಟ್ಟಿ ಮ್ಯಾಲ ಬಂತದು," ಎಂದೆ.

ವಾರದೊಳಗೆ ಮಾಲೀಕ ಮಗನಿಗೆ, ಮೇಡಂಗೆ ನೀನೇ ಕಲಿಸು ಎಂದ. ಒಲ್ಲೆ ಎನ್ನಲು ಬರುವುದಿಲ್ಲ. ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿತ್ತು. ಅಲ್ಲಿ ದೇಶಕ್ಕೊಬ್ಬ ರಾಜ, ಮನೆಗೊಬ್ಬ ರಾಜ.

ಸೊಸೆ ನಳಕ್ಕೆ ಹೋದಾಗ ಫೋನ್ ನನ್ನ ಕೈಗೆ ಬಂತು.

"ಎಲ್ಲಾ ಕಲಿಸು. ರಿವರ್ಸ್ ಮಾತ್ರ ಕಲಿಸಬ್ಯಾಡ," ಎಂದೆ. "ಹಿಂದಕ್ಕ ತಗಿಯಾಕ ಬರಲಿಲ್ಲಂದ್ರ ಆಕಿ ಒಬ್ಬಾಕಿ ಎಲ್ಲಿಗೂ ಹೋಗೂದಿಲ್ಲ. ನೀ ಬೇಕಾಗ್ತಿ."

"ಎವ್ವಾ, ನೀ ಇಲ್ಲಿ ರಾಣಿ ಆಗಬೇಕಿತ್ತು ನೋಡು," ಎಂದು ನಕ್ಕ. ಆದರೆ ಹಾಗೆಯೇ ಮಾಡಿದ. ಗಾಡಿಯನ್ನು ಗೇಟಿನಿಂದ ಹಿಂದಕ್ಕೆ ತೆಗೆದು ಕೊಡುವುದು ಅವನೇ, ಮುಂದಕ್ಕೆ ಓಡಿಸುವುದು ಮೇಡಂ.

ಎರಡು ತಿಂಗಳಾದ ಮೇಲೆ ಫೋನ್ ನಿಂತಿತು. ಒಂದು ದಿನ, ಎರಡು ದಿನ, ಐದು ದಿನ. ಸೊಸೆ ಕೋಪರಿಯಲ್ಲಿದ್ದ, ಅವನನ್ನು ಸೌದಿಗೆ ಕಳಿಸಿದ್ದ ಏಜೆಂಟನ ಅಂಗಡಿಗೆ ಎಡತಾಕಿದಳು. ಅವನು ಕೂಡ್ರಿ ಎಂದೂ ಅನ್ನಲಿಲ್ಲವಂತೆ. ನಾನು ರಿವರ್ಸಿನ ಮಾತು ಅವಳಿಗೆ ಹೇಳಲಿಲ್ಲ.

ಆರನೆಯ ದಿನ ಮಗ ಮಾತಾಡಿದ. ಅವನು ನಮಾಜಿಗೆ ಹೋದ ಮಾಲೀಕನನ್ನು ಕಾಯುತ್ತಿದ್ದಾಗ ಮೇಡಂ ತಾನೇ ಇನ್ನೊಂದು ಗಾಡಿ ಹಿಂದಕ್ಕೆ ತೆಗೆಯಲು ಹೋಗಿ ಗೋಡೆಗೆ ಗುದ್ದಿದ್ದಳು. ಗೋಡೆಯ ಹತ್ತಿರ ಅವಳ ಕೂಸು ಆಡುತ್ತಿತ್ತು. ಒಂದು ಮೊಳದಲ್ಲಿ ಉಳಿಯಿತು. ಮಾಲೀಕ ಇವನ ಫೋನ್ ಕಸಿದು, ಕೋಣೆಯಲ್ಲಿ ಕೂಡಿಹಾಕಿ, ಯಾಕೆ ಕಲಿಸಲಿಲ್ಲ ಎಂದು ದಿನಾ ಕೇಳಿದ. ಇವನು ಮರೆತೆ ಎಂದನಂತೆ. ಕೊನೆಗೆ ಪಾಸ್‌ಪೋರ್ಟ್ ಎಸೆದು ಊರಿಗೆ ಕಳಿಸಿದ.

ಈಗ ಮಗ ಇಲ್ಲೇ ಹತ್ತಿರದ ಮಾಜಿವಾಡಾದಲ್ಲಿ ಟೆಂಪೊ ಓಡಿಸುತ್ತಾನೆ. ರಾಜನ ಅಪ್ಪಣೆಯಿಂದ ಕೆಲಸ ಹೋಯಿತು ಎಂದು ಸೊಸೆ ಎಲ್ಲರಿಗೂ ಹೇಳುತ್ತಾಳೆ. ಅವನೂ ತಿದ್ದಿಲ್ಲ, ನಾನೂ ತಿದ್ದಿಲ್ಲ. ನಮ್ಮ ಗಲ್ಲಿಯಲ್ಲಿ ಟೆಂಪೊ ತಿರುಗುವುದಿಲ್ಲ, ಹಿಂದಕ್ಕೇ ತೆಗೆಯಬೇಕು. ಆಗ ಅವನು ಹೆಂಡತಿಯನ್ನು ಕರೆಯುವುದಿಲ್ಲ.

"ಎವ್ವಾ, ಹಿಂದ ಕೂಸುಗಳು ಅದಾವೇನು ನೋಡು."

ನಾನು ಹೋಗಿ ನಿಲ್ಲುತ್ತೇನೆ.